ವಿದ್ಯಾರ್ಥಿಗೆ ಇರುವುದೊಂದೇ ಕಂಪ್ಯೂಟರ್: ಹೊಸ ಪುಟ್ಟ ಲ್ಯಾಪ್‌ಟಾಪೋ, ಹಳೆಯ ಎಲೈಟ್‌ಬುಕ್ಕೋ?

ಪುಟ್ಟ, ಅಗ್ಗದ ಲ್ಯಾಪ್‌ಟಾಪ್‌ಗಳ ವಿಮರ್ಶೆ ಬರೆಯುವವರಲ್ಲಿ ಹೆಚ್ಚಿನವರ ಮೇಜಿನ ಮೇಲೆ ಅದಕ್ಕಿಂತ ಒಳ್ಳೆಯ ಕಂಪ್ಯೂಟರೊಂದು ಮೊದಲೇ ಇರುತ್ತದೆ. ಹಾಗಾಗಿ ಅವರು ‘ಬೆಲೆಗೆ ತಕ್ಕಂತಿದೆ’ ಎಂದು ಬರೆದರೆ ಆ ಮಾತು ಸುಳ್ಳೇನಲ್ಲ. ಪ್ರಯಾಣದಲ್ಲಿ ಇಮೇಲ್ ನೋಡಲು, ರಾತ್ರಿ ಒಂದು ಸಿನಿಮಾ ಹಾಕಿಕೊಳ್ಳಲು ಅಂಥ ಯಂತ್ರ ನಿಜಕ್ಕೂ ಸಾಕು. ಆದರೆ ಪದವಿ ಕಾಲೇಜಿಗೆ ಸೇರುವ ಹುಡುಗಿಯೊಬ್ಬಳಿಗೆ ಮೂರು ವರ್ಷ ಅದೊಂದೇ ಕಂಪ್ಯೂಟರ್ ಆಗಿದ್ದರೆ, ಅಸೈನ್‌ಮೆಂಟು, ಪ್ರಾಜೆಕ್ಟು, ಆನ್‌ಲೈನ್ ತರಗತಿ, ಕೆಲಸಕ್ಕೆ ಅರ್ಜಿ ಎಲ್ಲವೂ ಅದರಲ್ಲೇ ಆಗಬೇಕಿದ್ದರೆ, ಅಳೆಯುವ ಕೋಲೇ ಬೇರೆಯಾಗಬೇಕು. ಆ ದೃಷ್ಟಿಯಿಂದ, ಇಪ್ಪತ್ತೈದು ಸಾವಿರ ರೂಪಾಯಿಯೊಳಗೆ ಸಿಗುವ ಎರಡು ಬಗೆಯ ಯಂತ್ರಗಳನ್ನು ಇಲ್ಲಿ ತೂಗಿ ನೋಡಿದ್ದೇನೆ.

ಮೊದಲನೆಯದು ಹೊಸದು: 11.6 ಇಂಚಿನ ಪರದೆ, ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್ (ತೆರೆದ ಕೆಲಸಗಳನ್ನು ಆ ಹೊತ್ತಿಗೆ ಹಿಡಿದಿಡುವ ಸ್ಮೃತಿ), 64 ಜಿಬಿ ಇಎಂಎಂಸಿ ಸಂಗ್ರಹ (ಕಡತಗಳು ಉಳಿಯುವ ಜಾಗ), ವಿಂಡೋಸ್ 11. ಇದರ ಕಂಪನಿಯ ಹೆಸರು ಹೇಳುವುದಿಲ್ಲ, ಏಕೆಂದರೆ ಇದೇ ಒಳಾಂಗವನ್ನು ಬೇರೆ ಬೇರೆ ಬಣ್ಣದ ಹೊದಿಕೆಯಲ್ಲಿ ಹಲವು ಕಂಪನಿಗಳು ಮಾರಿವೆ. ಎರಡನೆಯದು ಎಚ್‌ಪಿ ಕಂಪನಿಯ ಎಲೈಟ್‌ಬುಕ್ 830 ಜಿ5: 2018ರಲ್ಲಿ ಬಂದ, ಯಾವುದೋ ಕಚೇರಿಯಲ್ಲಿ ದುಡಿದು ಹೊರಬಿದ್ದ, ಒರೆಸಿ ಸರಿಪಡಿಸಿ ಮತ್ತೆ ಮಾರಾಟಕ್ಕಿಟ್ಟ 13.3 ಇಂಚಿನ ಲ್ಯಾಪ್‌ಟಾಪ್. ಬಿ.ಕಾಂ. ಓದುತ್ತಿರುವ ನನ್ನ ತಂಗಿಯ ಮಗಳು ಈಗ ಬಳಸುತ್ತಿರುವುದು ಇದನ್ನು. ಹೊಸ ಪುಟ್ಟದು ನನ್ನ ಸಹೋದ್ಯೋಗಿಯ ಮಗನದು. ಅವನು ಊರಿಗೆ ಬಂದಾಗಲೆಲ್ಲ ಅದರ ಚಾಕರಿ ನನ್ನ ಪಾಲಿಗೆ ಬರುತ್ತದೆ.

ಹೊಸದರ ಒಳ್ಳೆಯ ಗುಣಗಳನ್ನು ಮೊದಲು ಹೇಳಿಬಿಡಬೇಕು. ಅದು ಹಗುರ, ಸಾಮಾನ್ಯ ಕೈಚೀಲದಲ್ಲೂ ಹಿಡಿಸುತ್ತದೆ. ಎನ್4020 ಕೇವಲ 6 ವಾಟ್‌ನ ಪ್ರೊಸೆಸರ್ ಆದ್ದರಿಂದ ಫ್ಯಾನ್ ಇಲ್ಲ. ಗ್ರಂಥಾಲಯದಲ್ಲಿ ಪಕ್ಕದಲ್ಲಿ ಕೂತವರಿಗೂ ಅದು ನಡೆಯುತ್ತಿದೆಯೆಂದು ಗೊತ್ತಾಗುವುದಿಲ್ಲ. ಒಂದು ಕಡತ ತೆರೆದು ಟೈಪ್ ಮಾಡುವಷ್ಟರ ಮಟ್ಟಿಗೆ ಯಾವ ದೂರೂ ಇಲ್ಲ. ತೊಂದರೆ ಶುರುವಾಗುವುದು ಎರಡನೆಯ ಕೆಲಸವನ್ನು ಜೊತೆಗೆ ಹಚ್ಚಿಕೊಂಡಾಗ. ವಿಂಡೋಸ್ 11 ಏನನ್ನೂ ತೆರೆಯದೆ ಸುಮ್ಮನಿದ್ದಾಗಲೇ 4 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತನಗೆ ಇಟ್ಟುಕೊಳ್ಳುತ್ತದೆ. ಉಳಿದುದರಲ್ಲಿ ಬ್ರೌಸರ್‌ನ ನಾಲ್ಕೈದು ಟ್ಯಾಬ್, ವಾಟ್ಸ್ಆ್ಯಪ್, ಒಂದು ಪಿಡಿಎಫ್ ತೆರೆದರೆ ರ‍್ಯಾಮ್ ತುಂಬುತ್ತದೆ. ತುಂಬಿದಾಗ ವಿಂಡೋಸ್ ಹಳೆಯ ಪುಟಗಳನ್ನು ಸಂಗ್ರಹದ ಮೇಲೆ ಬರೆದಿಟ್ಟು, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಸಂಗ್ರಹ ವೇಗದ್ದಾಗಿದ್ದರೆ ಈ ಹೋಗಿಬರುವಿಕೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಇರುವುದು ಇಎಂಎಂಸಿ: ಹಳೆಯ ಫೋನುಗಳಲ್ಲಿ ಇರುತ್ತಿದ್ದ ಚಿಪ್, ಅದರ ದಾರಿಯ ಗರಿಷ್ಠ ವೇಗವೇ ಸೆಕೆಂಡಿಗೆ 400 ಎಂಬಿ. ವೇಗದ ಸಂಗ್ರಹವಾದ ಎಸ್‌ಎಸ್‌ಡಿಯಲ್ಲಿ ಸಾಟಾ ಎಂಬ ಸಾದಾ ಬಗೆ ಸುಮಾರು 550 ಮುಟ್ಟಿದರೆ, ಎನ್‌ವಿಎಂಇ ಎಂಬ ಬಗೆ ಸಾವಿರಗಳಲ್ಲಿ ಓಡುತ್ತದೆ. ಸಣ್ಣ ಸಣ್ಣ ತುಣುಕುಗಳನ್ನು ಚದುರಿ ಓದಿ ಬರೆಯುವಾಗ, ಅಂದರೆ ವಿಂಡೋಸ್ ದಿನವಿಡೀ ಮಾಡುವ ಕೆಲಸದಲ್ಲಿ, ಅಂತರ ಇನ್ನೂ ಹಿಗ್ಗುತ್ತದೆ. ಆನ್‌ಲೈನ್ ತರಗತಿ ನಡೆಯುತ್ತಿರುವಾಗ ನೋಟ್ಸ್ ಬರೆಯಲು ವರ್ಡ್ ತೆರೆದರೆ ಮೇಷ್ಟ್ರ ದನಿ ತುಂಡು ತುಂಡಾಗುವುದು ಈ ಕಾರಣಕ್ಕೆ. ಪಾಪ, ಇಂಟರ್ನೆಟ್ ಕಂಪನಿಗೆ ಸುಮ್ಮನೆ ಬೈಗುಳ.

ಜಾಗದ ಲೆಕ್ಕ ಇನ್ನೂ ಬಿಗಿ. ಪೆಟ್ಟಿಗೆಯ ಮೇಲೆ 64 ಜಿಬಿ ಎಂದಿದ್ದರೂ ವಿಂಡೋಸ್ ಎಣಿಸುವ ಬಗೆಯಲ್ಲಿ ಅದು 60ನ್ನೂ ಮುಟ್ಟುವುದಿಲ್ಲ. ಅದರಲ್ಲಿ ವಿಂಡೋಸ್, ರಿಕವರಿ ಭಾಗ, ಆಫೀಸ್ ಕಳೆದರೆ ಬಳಸುವವರಿಗೆ ಉಳಿಯುವುದು ಇಪ್ಪತ್ತು ಚಿಲ್ಲರೆ ಜಿಬಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಬಂದಾಗ ‘ಜಾಗ ಸಾಲದು’ ಎಂದು ಅದು ನಿಂತುಬಿಡುತ್ತದೆ. ಸಹೋದ್ಯೋಗಿಯ ಮಗ ತನ್ನ ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ಸಾಗಿಸಿ, ಡೌನ್‌ಲೋಡ್ ಫೋಲ್ಡರ್ ಬರಿದು ಮಾಡಿ, ಆಮೇಲೆ ಅಪ್‌ಡೇಟ್ ಹಾಕಿಕೊಳ್ಳುತ್ತಾನೆ. ಮೈಕ್ರೊಸಾಫ್ಟ್ ವಿಂಡೋಸ್ 11ಕ್ಕೆ ಗೊತ್ತುಮಾಡಿರುವ ಕನಿಷ್ಠ ಅಗತ್ಯವೇ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ ಎಂಬುದನ್ನು ನೆನೆದರೆ, ಈ ಯಂತ್ರ ಅಂಗಡಿಯಿಂದ ಹೊರಬರುವಾಗಲೇ ಗೆರೆಯ ಮೇಲೆ ನಿಂತಿರುತ್ತದೆ.

ನನ್ನ ಮುಖ್ಯ ತಕರಾರು ವೇಗದ ಬಗ್ಗೆ ಅಲ್ಲ. ಇದರ ರ‍್ಯಾಮ್ ಮತ್ತು ಇಎಂಎಂಸಿ ಎರಡನ್ನೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೊದಲ ವರ್ಷದಲ್ಲಿ ಸಾಕಾದದ್ದು ಮೂರನೆಯ ವರ್ಷಕ್ಕೆ ಸಾಲದೆ ಹೋದರೆ, ಕೈಯಲ್ಲಿ ಎರಡು ಸಾವಿರ ಇದ್ದರೂ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಒಂದೇ ಕಂಪ್ಯೂಟರ್ ಇರುವವರು ವೇಗಕ್ಕಿಂತ ಮೊದಲು ಕೇಳಬೇಕಾದದ್ದು, ಮುಂದೆ ಇದರಲ್ಲಿ ಏನನ್ನು ಬದಲಾಯಿಸಬಹುದು ಎಂಬುದನ್ನು.

2023ರಲ್ಲಿ ಬಂದ ಇಂಟೆಲ್ ಎನ್100 ಇರುವ ಹೊಸ ಲ್ಯಾಪ್‌ಟಾಪ್‌ಗಳು ಇದಕ್ಕಿಂತ ಎಷ್ಟೋ ಮೇಲು. ಅದೇ 6 ವಾಟ್‌ನಲ್ಲಿ ಎರಡರ ಬದಲು ನಾಲ್ಕು ಕೋರ್ (ಕೆಲಸ ಹಂಚಿಕೊಳ್ಳುವ ಘಟಕ). 8 ಜಿಬಿ ರ‍್ಯಾಮ್ ಮತ್ತು ನಿಜವಾದ ಎಸ್‌ಎಸ್‌ಡಿ ಜೊತೆಗಿದ್ದರೆ ನಾನೇ ಶಿಫಾರಸು ಮಾಡುತ್ತೇನೆ. ಆದರೆ ಎನ್100 ಎಂಬ ಹೆಸರು ಕಂಡ ಕೂಡಲೇ ಕೊಳ್ಳಬಾರದು. ಅದೇ ಪ್ರೊಸೆಸರ್‌ಗೆ 4 ಜಿಬಿ ಮತ್ತು ಇಎಂಎಂಸಿ ಗಂಟುಹಾಕಿ ಮಾರುವವರೂ ಇದ್ದಾರೆ. ಜಿಯೋ ಕಂಪನಿಯ ಅಗ್ಗದ ಲ್ಯಾಪ್‌ಟಾಪ್ ಜಿಯೋಬುಕ್ 2023ರ ಜುಲೈನಲ್ಲಿ 16,499 ರೂಪಾಯಿಗೆ ಬಂದಾಗ ನಮ್ಮ ಕಾಲೇಜಿನಲ್ಲಿ ಹಲವರು ವಿಚಾರಿಸಿದ್ದರು. 990 ಗ್ರಾಂ ತೂಕ, ಒಳಗೇ 4ಜಿ ಸಿಮ್, ಓದು-ಬ್ರೌಸಿಂಗ್‌ಗೆ ಅಚ್ಚುಕಟ್ಟು. ಆದರೆ ಅದರಲ್ಲಿರುವುದು ಜಿಯೋಓಎಸ್, ವಿಂಡೋಸ್ ತಂತ್ರಾಂಶಗಳು ಅಲ್ಲಿ ಓಡುವುದಿಲ್ಲ. ಗೂಗಲ್‌ನ ಕ್ರೋಮ್‌ಓಎಸ್ ಇರುವ ಕ್ರೋಮ್‌ಬುಕ್‌ಗಳದ್ದೂ ಅದೇ ಕಥೆ.

‘ಎಲ್ಲವೂ ಈಗ ಬ್ರೌಸರ್‌ನಲ್ಲೇ ಆಗುತ್ತದಲ್ಲ’ ಎನ್ನುವವರು ನಮ್ಮ ಪಠ್ಯಕ್ರಮಗಳನ್ನು ಒಮ್ಮೆ ನೋಡಬೇಕು. ಬಿ.ಕಾಂ. ವಿದ್ಯಾರ್ಥಿಗೆ ಟ್ಯಾಲಿ ಬೇಕು, ಅದು ವಿಂಡೋಸ್ ಮೇಲೆ ಓಡುವ ಲೆಕ್ಕಪತ್ರದ ತಂತ್ರಾಂಶ. ಕನ್ನಡ ಎಂ.ಎ. ಮಾಡುವವರಿಗೆ ಇಂದಿಗೂ ಎಷ್ಟೋ ಕಡತಗಳು ನುಡಿ ಅಥವಾ ಬರಹ ಅಕ್ಷರಗಳಲ್ಲೇ ಬರುತ್ತವೆ. ಆ ಎರಡೂ ತಂತ್ರಾಂಶಗಳು ಬೆಳೆದದ್ದು ವಿಂಡೋಸ್ ಮೇಲೆ. ಎಂಜಿನಿಯರಿಂಗ್ ಸೇರಿದವರಿಗೆ ನಕ್ಷೆ ಬಿಡಿಸುವ ಆಟೊಕ್ಯಾಡ್, ಫೋನಿನ ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೊ ಇದಿರಾಗುತ್ತವೆ. ಆಯಾ ಕಂಪನಿಗಳೇ ಹೇಳುವ ಕನಿಷ್ಠ ರ‍್ಯಾಮ್ 8 ಜಿಬಿ, ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನು) ಓಡಿಸಬೇಕೆಂದರೆ 16. ಸಿ, ಪೈಥಾನ್ ಕಲಿಯುವಷ್ಟಕ್ಕೆ ಯಾವ ಯಂತ್ರವಾದರೂ ಆದೀತು.

ಇನ್ನು ಹಳೆಯದರ ಕಡೆಗೆ ಬರೋಣ. ದೊಡ್ಡ ಕಂಪನಿಗಳು ತಮ್ಮ ನೌಕರರ ಲ್ಯಾಪ್‌ಟಾಪ್‌ಗಳನ್ನು ಕೆಲವು ವರ್ಷಗಳಿಗೊಮ್ಮೆ ಸಗಟಾಗಿ ಬದಲಾಯಿಸುತ್ತವೆ, ಹಾಗೆ ಹೊರಬಿದ್ದವು ವ್ಯಾಪಾರಿಗಳ ಕೈ ಸೇರುತ್ತವೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಲ್ಲರೂ ಹೇಳುವ ಎಸ್.ಪಿ. ರೋಡಿನಲ್ಲಿ, ಇಂಥವು ಗೋಡೆಯುದ್ದಕ್ಕೂ ಜೋಡಿಸಿಟ್ಟಿರುತ್ತವೆ. ಈಗ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತವೆ. ಆರಿಸುವಾಗ ಗಮನಿಸಲೇಬೇಕಾದ ಗೆರೆಯೊಂದಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರಿಂದ ಈಚಿನ ಪ್ರೊಸೆಸರ್‌ಗಳನ್ನು. ಆದ್ದರಿಂದಲೇ ಆರು, ಏಳನೆಯ ತಲೆಮಾರಿನವು ಅಷ್ಟು ಸೋವಿಯಾಗಿ ಸಿಗುತ್ತಿವೆ. ಚಿಕ್ಕ ಯಂತ್ರ ಬೇಕೆನ್ನುವವರಿಗೆ ಇಲ್ಲೊಂದು ಇಕ್ಕಟ್ಟು ಎದುರಾಗುತ್ತದೆ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಕ್ಸ್270ರಲ್ಲಿ ರ‍್ಯಾಮ್ ಬದಲಾಯಿಸಬಹುದು, ಆದರೆ ಅದರದು ಏಳನೆಯ ತಲೆಮಾರಿಗೇ ನಿಂತ ಪ್ರೊಸೆಸರ್. ಅದರ ನಂತರ ಬಂದ ಎಕ್ಸ್280ರಲ್ಲಿ ಎಂಟನೆಯ ತಲೆಮಾರು ಇದೆ, ಆದರೆ ರ‍್ಯಾಮ್ ಬೆಸುಗೆ ಹಾಕಿದ್ದು. 8 ಜಿಬಿಯದನ್ನು ತಂದರೆ ಕೊನೆಯವರೆಗೆ 8 ಜಿಬಿಯೇ. ಎರಡೂ ಅನುಕೂಲ ಒಟ್ಟಿಗೆ ಬೇಕೆಂದು ಹುಡುಕಿದಾಗ ನಮಗೆ ಸಿಕ್ಕಿದ್ದು 830 ಜಿ5.

ಇದರ ಕೋರ್ ಐ5-8350ಯು ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ) ಇವೆ. ವಯಸ್ಸಾಗಿದ್ದರೂ ಸೆಲೆರಾನ್ ಇದರ ಹತ್ತಿರ ಸುಳಿಯುವುದಿಲ್ಲ. ತಳದ ಮುಚ್ಚಳ ಬಿಚ್ಚಿದರೆ ರ‍್ಯಾಮ್‌ಗೆ ಎರಡು ಸ್ಲಾಟ್ ಪಕ್ಕಪಕ್ಕದಲ್ಲಿ ಕಾಣುತ್ತವೆ, ಎಸ್‌ಎಸ್‌ಡಿ ಒಂದೇ ಸ್ಕ್ರೂವಿನಲ್ಲಿ ಹೊರಬರುತ್ತದೆ, ಬ್ಯಾಟರಿಯೂ ಸ್ಕ್ರೂಗಳಲ್ಲೇ ನಿಂತಿದೆ. ನಮ್ಮದರಲ್ಲಿ 8 ಜಿಬಿಯ ಒಂದು ಪಟ್ಟಿ ಇತ್ತು, ಇನ್ನೊಂದು ಸ್ಲಾಟ್ ಖಾಲಿ. ಮುಂದೆ ಅಲ್ಲಿ ಇನ್ನೊಂದು ಪಟ್ಟಿ ಹಾಕಿಕೊಳ್ಳಲಿ ಎಂದೇ ಅಂಥದ್ದನ್ನು ಕೊಂಡದ್ದು. ಲ್ಯಾನ್ ಕೇಬಲ್, ಎಚ್‌ಡಿಎಂಐ, ದೊಡ್ಡ ಯುಎಸ್‌ಬಿ ಎರಡು, ಟೈಪ್-ಸಿ ಎಲ್ಲವೂ ಇವೆ. ಟೈಪ್-ಸಿ ಕಿಂಡಿಯಿಂದಲೂ ಚಾರ್ಜ್ ಆಗುವುದರಿಂದ, ನಾಲ್ವರಿಗೆ ಒಂದೇ ಪ್ಲಗ್ ಪಾಯಿಂಟ್ ಇರುವ ಹಾಸ್ಟೆಲ್ ಕೋಣೆಯಲ್ಲಿ ಒಳ್ಳೆಯ 65 ವಾಟ್ ಚಾರ್ಜರ್ ಒಂದಿದ್ದರೆ ಲ್ಯಾಪ್‌ಟಾಪ್ ಮತ್ತು ಫೋನ್ ಎರಡಕ್ಕೂ ಆಗುತ್ತದೆ.

ಟ್ಯಾಲಿ ಮಾಡುವವರಿಗೆಂದೇ ಒಂದು ಮಾತು. ಟ್ಯಾಲಿಯ ಕೆಲಸವೆಲ್ಲ ಎಫ್ ಕೀಲಿಗಳ ಮೇಲೆ ನಿಂತಿದೆ: ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್. ಹೊಸ ಪುಟ್ಟ ಯಂತ್ರದಲ್ಲಿ ಈ ಕೀಲಿಗಳನ್ನು ನೇರವಾಗಿ ಒತ್ತಿದರೆ ಪರದೆಯ ಬೆಳಕೋ ಸ್ಪೀಕರಿನ ಸದ್ದೋ ಬದಲಾಗುತ್ತದೆ, ವೋಚರ್ ತೆರೆಯಲು ಎಫ್ಎನ್ ಜೊತೆಗೂಡಿಸಿ ಒತ್ತಬೇಕು. ಕಚೇರಿಗೆಂದು ಮಾಡಿದ ಎಲೈಟ್‌ಬುಕ್‌ನಲ್ಲಿ ಆ ಗೋಳಿಲ್ಲ, ಕೀಲಿಗಳ ಒತ್ತೂ ಖಚಿತ. ಆದರೆ ಎರಡರಲ್ಲೂ ಬಲಬದಿಯ ಅಂಕಿಗಳ ಕೀಲಿಗುಂಪು ಇಲ್ಲ. ಕೆಲವು ನೂರು ರೂಪಾಯಿಯ ಯುಎಸ್‌ಬಿ ನಂಬರ್ ಪ್ಯಾಡ್ ತಂದುಕೊಟ್ಟ ಮೇಲೆ ನಮ್ಮ ಹುಡುಗಿ ಮೊತ್ತಗಳನ್ನು ಹೊಡೆಯುವ ವೇಗವೇ ಬೇರೆಯಾಯಿತು. ಅಂದ ಹಾಗೆ, ಟ್ಯಾಲಿಯ ಉಚಿತ ಶೈಕ್ಷಣಿಕ ಆವೃತ್ತಿಯಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖುಗಳಿಗೆ ಮಾತ್ರ ನಮೂದು ಮಾಡಬಹುದು, ಯಾವ ಲ್ಯಾಪ್‌ಟಾಪ್ ತಂದರೂ ಅದು ಹಾಗೆಯೇ.

ಕೊರತೆಗಳೂ ಇವೆ. ತೂಕ 1.3 ಕಿಲೋ ದಾಟುತ್ತದೆ, ಫ್ಯಾನ್ ಇದೆ, ಕೆಲಸ ಹೆಚ್ಚಾದಾಗ ಸದ್ದು ಕೇಳುತ್ತದೆ. ಈ ಮಾದರಿಗೆ ಹಲವು ಬಗೆಯ ಪರದೆಗಳು ಬಂದಿದ್ದವು. ಕೆಳದರ್ಜೆಯದು ಮಂಕು. ಕೆಲವದರಲ್ಲಿ ಪಕ್ಕದವರಿಗೆ ಕಾಣದಂತೆ ಪರದೆ ಮಬ್ಬಾಗಿಸುವ ‘ಶ್ಯೂರ್ ವ್ಯೂ’ ಸೌಲಭ್ಯವಿದೆ. ಬ್ಯಾಂಕಿನವರಿಗೆ ಅದು ಬೇಕಿತ್ತೇನೋ, ನಾಲ್ಕು ಗೆಳತಿಯರು ಒಂದೇ ಪರದೆ ನೋಡುತ್ತ ಓದುವಾಗ ಅದು ಬೇಡ. ಎಂಟನೆಯ ತಲೆಮಾರು ವಿಂಡೋಸ್ 11 ಒಪ್ಪುವವುಗಳಲ್ಲಿ ಅತ್ಯಂತ ಹಳೆಯದು ಎಂಬುದೂ ನೆನಪಿರಲಿ. ಮುಂದೊಂದು ದಿನ ಬಾಗಿಲು ಮುಚ್ಚಿದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡು ಇನ್ನಷ್ಟು ವರ್ಷ ದೂಡಬಹುದು, ಟ್ಯಾಲಿಗೆ ಮಾತ್ರ ಬೇರೆ ದಾರಿ ನೋಡಬೇಕಾಗುತ್ತದೆ.

ಕೊಳ್ಳುವ ಹೊತ್ತಿಗೆ ಸ್ವಲ್ಪ ಹಟ ಬೇಕು. ನಾವು ಮೊದಲು ಹೋದ ಅಂಗಡಿಯವರು ಹಿಂಬದಿಯ ಮುಚ್ಚಳ ತೆಗೆದು ತೋರಿಸಲು ಒಪ್ಪಲಿಲ್ಲ, ‘ಸೀಲ್ ಹೋಗುತ್ತೆ ಸಾರ್’ ಎಂದರು, ಎದ್ದು ಬಂದೆವು. ಎರಡನೆಯವರು ಕೇಳುವ ಮೊದಲೇ ಸ್ಕ್ರೂಡ್ರೈವರ್ ತೆಗೆದರು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿದರೆ ಎರಡು ಸಂಖ್ಯೆಗಳು ಕಾಣುತ್ತವೆ: ಹುಟ್ಟಿನ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ. ಎರಡನೆಯದು ಮೊದಲಿನದರ ಮುಕ್ಕಾಲಿಗಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಮಾತಾಡಬೇಕು. ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟಪ್) ಒಳಗೆ ಹೋಗಿ ಪಾಸ್‌ವರ್ಡ್ ಕೇಳುವುದೇ ನೋಡಬೇಕು. ಇಂಟರ್ನೆಟ್ ಜೋಡಿಸಿ ವಿಂಡೋಸ್ ಅನ್ನು ಮೊದಲಿನಿಂದ ಶುರುಮಾಡಿಸಬೇಕು. ಹಳೆಯ ಮಾಲೀಕ ಕಂಪನಿ ತನ್ನ ಪಟ್ಟಿಯಿಂದ ಯಂತ್ರವನ್ನು ತೆಗೆದಿರದಿದ್ದರೆ, ಆಗ ಆ ಕಂಪನಿಯ ಹೆಸರಿನ ಲಾಗಿನ್ ಪುಟ ಎದ್ದು ನಿಲ್ಲುತ್ತದೆ. ಅಂಥದ್ದನ್ನು ಯಾವ ಬೆಲೆಗೂ ತರಬಾರದು. ಬಿಳಿಯ ಚಿತ್ರವೊಂದನ್ನು ಪರದೆ ತುಂಬ ಹಾಕಿಸಿದರೆ ಕಲೆಗಳು ತಾವಾಗಿಯೇ ಕಾಣುತ್ತವೆ.

ಎಂಟನೆಯ ತಲೆಮಾರಿನ ಇಂಥ ಯಂತ್ರಗಳಿಗೆ ನಾವು ವಿಚಾರಿಸಿದ ಕಡೆಗಳಲ್ಲಿ 18ರಿಂದ 22 ಸಾವಿರದವರೆಗೆ ಹೇಳಿದರು. ವಾರಂಟಿ ಅಂಗಡಿಯದೇ, ಕಂಪನಿಯದಲ್ಲ. ದೂರದ ಊರಿನವರಿಗೆ, ಕೆಟ್ಟರೆ ಬೆಂಗಳೂರಿಗೆ ಹೊತ್ತು ತರಲು ಆಗದವರಿಗೆ, ಒಂದು ವರ್ಷದ ಮನೆಬಾಗಿಲ ವಾರಂಟಿಯ ಎನ್100 ಯಂತ್ರವನ್ನೇ 8 ಜಿಬಿ ಮತ್ತು ಎಸ್‌ಎಸ್‌ಡಿ ಖಚಿತಪಡಿಸಿಕೊಂಡು ಕೊಳ್ಳಿರಿ ಎನ್ನುತ್ತೇನೆ. 4 ಜಿಬಿ-ಇಎಂಎಂಸಿಯ ಪುಟ್ಟದ್ದನ್ನು, ಮನೆಯಲ್ಲಿ ಬೇರೊಂದು ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಗೆ, ಹಬ್ಬದ ರಿಯಾಯಿತಿಯಲ್ಲಿ ಬಂದರೂ ಬೇಡ. ಹಳೆಯದನ್ನೇ ಕೊಳ್ಳುವುದಾದರೆ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಯಂತ್ರದ ಸೀರಿಯಲ್ ಸಂಖ್ಯೆಯನ್ನು ಬರೆಸಿರಿ, ತಳದಲ್ಲಿ ಅಂಟಿಸಿದ ಚೀಟಿಯ ಸಂಖ್ಯೆಯೂ ಬಯಾಸ್‌ನಲ್ಲಿ ಕಾಣುವ ಸಂಖ್ಯೆಯೂ ಅದೇ ಆಗಿದೆಯೇ ಎಂದು ಅಂಗಡಿಯಲ್ಲೇ ತಾಳೆ ನೋಡಿರಿ.