ಕುನೆನ್ ಅವರ ‘ಸೆಟ್ ಥಿಯರಿ’: ಎರಡನೇ ಅಧ್ಯಾಯ ಹಾರಿಸಬೇಡಿ

ಎಂ.ಎಸ್ಸಿ ಮುಗಿಸಿ ಗಣಿತದ ಬುನಾದಿಯನ್ನೇ ಓದಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಪುಸ್ತಕ ಕೆನೆತ್ ಕುನೆನ್ ಅವರ ‘ಸೆಟ್ ಥಿಯರಿ’. 1980ರದ್ದು, ನಾರ್ತ್-ಹಾಲೆಂಡ್ ಪ್ರಕಟಣೆ. ನಮ್ಮ ಕ್ಲಾಸಿನಲ್ಲಿ ಗಣಗಳ (ಸೆಟ್‌ಗಳ) ಪಾಠ ಅಂದರೆ ಟೊಪಾಲಜಿಗೆ ಮುಂಚಿನ ಪೀಠಿಕೆ ಅಷ್ಟೇ. ಜೋರ್ನ್ಸ್ ಲೆಮ್ಮಾ (ಲೆಮ್ಮಾ ಅಂದರೆ ಸಹಾಯಕ ಪ್ರಮೇಯ) ಬರೆಸಿ ಮುಂದೆ ಹೋಗಿಬಿಟ್ಟರು. ಈ ಪುಸ್ತಕ ಅಲ್ಲಿಂದ ಆಚೆಗೆ ಕರೆದೊಯ್ಯುತ್ತದೆ.

ಸ್ವಾಭಾವಿಕ ಸಂಖ್ಯೆಗಳ ಅನಂತಕ್ಕೂ ವಾಸ್ತವ ಸಂಖ್ಯೆಗಳ ಅನಂತಕ್ಕೂ ನಡುವೆ ಇನ್ನೊಂದು ಗಾತ್ರ ಇದೆಯಾ? ಇಲ್ಲ ಅಂದರು ಕ್ಯಾಂಟರ್, 1878ರಲ್ಲಿ. ಗಣಗಳ ಬಗ್ಗೆ ಗಣಿತಜ್ಞರು ಬುನಾದಿಯಾಗಿ ಇಟ್ಟುಕೊಂಡ ಮೂಲ ನಿಯಮಗಳೇ ಝಡ್‌ಎಫ್‌ಸಿ ಆಕ್ಸಿಯಮ್‌ಗಳು. ಝಡ್‌ಎಫ್‌ಸಿ ಆಕ್ಸಿಯಮ್‌ಗಳಲ್ಲೇ ವಿರೋಧ ಇಲ್ಲದಿದ್ದರೆ, ಅವುಗಳಿಂದ ಈ ಮಾತನ್ನು ಸುಳ್ಳು ಮಾಡಲು ಆಗದು ಅಂತ ಗೊಡೆಲ್ 1938ರಲ್ಲಿ ತೋರಿಸಿದರು. ನಿಜ ಅಂತ ಸಾಧಿಸಲೂ ಆಗದು ಅಂತ 1963ರಲ್ಲಿ ಪಾಲ್ ಕೊಹೆನ್. ಎರಡೂ ಸಾಧನೆ ಇಲ್ಲಿ ಪೂರ್ತಿ ಇವೆ.

ಎಲ್ಲರೂ ಏಳನೇ ಅಧ್ಯಾಯದ, ಕೊಹೆನ್ ಅವರ ವಿಧಾನವಾದ, ಫೋರ್ಸಿಂಗ್‌ಗೆ ಓಡುತ್ತಾರೆ. ಎರಡನೆಯದರಲ್ಲಿ ಡೆಲ್ಟಾ-ಸಿಸ್ಟಮ್ ಲೆಮ್ಮಾ ಇದೆ. ಎಣಿಸಲಾಗದಷ್ಟು ಪರಿಮಿತ ಗಣಗಳಿದ್ದರೆ, ಅವುಗಳಿಂದ ಮತ್ತೆ ಎಣಿಸಲಾಗದಷ್ಟನ್ನು ಆರಿಸಬಹುದು. ಅದರಲ್ಲಿ ಯಾವ ಎರಡನ್ನು ತಗೊಂಡರೂ ಛೇದನ ಅದೇ ಒಂದು ಗಣ. ಇದ್ಯಾಕೆ ಇಲ್ಲಿ ಅನ್ನಿಸುತ್ತೆ, ಅಲ್ವಾ? ಮುಂದೆ ಕ್ಯಾಂಟರ್ ಮಾತು ಸುಳ್ಳಾಗುವಂತೆ ಅಲೆಫ್-2ರಷ್ಟು (ಸ್ವಾಭಾವಿಕ ಸಂಖ್ಯೆಗಳ ಅನಂತಕ್ಕಿಂತ ಎರಡು ಮೆಟ್ಟಿಲು ಮೇಲಿನ ಅನಂತ) ಹೊಸ ವಾಸ್ತವ ಸಂಖ್ಯೆಗಳನ್ನು ಮಾಡೆಲ್‌ಗೆ (ಆ ಆಕ್ಸಿಯಮ್‌ಗಳು ನಿಜವಾಗಿರುವ ಗಣಗಳ ಲೋಕಕ್ಕೆ) ಸೇರಿಸುವಾಗ ಹಳೆಯ ಅಲೆಫ್-2 ಚಿಕ್ಕ ಗಾತ್ರಕ್ಕೆ ಕುಸಿದರೆ ಇಡೀ ಕೆಲಸ ನೀರಲ್ಲಿ ಹೋಮ. ಹಾಗೆ ಕುಸಿಯುವುದಿಲ್ಲ ಅನ್ನುವುದಕ್ಕೆ ಆಧಾರ ಈ ಲೆಮ್ಮಾ. ಅದು ಕಂಡ ಸಂಜೆ ನನಗೆ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ.

ಇನ್ನೂ ಹೆಚ್ಚು ಇಷ್ಟವಾಗಿದ್ದು ಕುನೆನ್ ಅವರ ಪ್ರಾಮಾಣಿಕತೆ. ತನಗೊಂದು ಮಾಡೆಲ್ ಇದೆ ಅಂತ ಝಡ್‌ಎಫ್‌ಸಿ, ವಿರೋಧ ಇಲ್ಲದಿದ್ದರೆ, ತಾನೇ ಸಾಧಿಸಲಾರದು. ಹಾಗಿದ್ದರೆ ‘ಒಂದು ಮಾಡೆಲ್ ಇರಲಿ’ ಅಂತ ಶುರು ಮಾಡುವುದು ಹೇಗೆ? ಯಾವ ಸಾಧನೆಗೂ ಪರಿಮಿತ ಸಂಖ್ಯೆಯ ಆಕ್ಸಿಯಮ್‌ಗಳೇ ಬೇಕಾಗುವುದು, ಅಷ್ಟಕ್ಕೆ ಮಾಡೆಲ್ ಸಿಗುತ್ತದೆ. ಇದನ್ನು ಅವರು ಬಿಡಿಸಿ ಹೇಳುತ್ತಾರೆ. ಯಾವುದು ಥಿಯರಿಯ ಒಳಗಿನ ಮಾತು, ಯಾವುದು ಹೊರಗೆ ನಿಂತು ಹೇಳಿದ್ದು ಅನ್ನುವ ಗೊಂದಲ ಉಳಿಯುವುದಿಲ್ಲ.

ಲಾಜಿಕ್ ಸ್ವಲ್ಪವೂ ಗೊತ್ತಿಲ್ಲದಿದ್ದರೆ ಕಷ್ಟ. ಮೊದಲು ಅದನ್ನು ಓದಿಕೊಳ್ಳಿ. ಲೆಕ್ಕಗಳು ಗಟ್ಟಿ, ಒಬ್ಬರೇ ಕೂರುವ ಬದಲು ಜೊತೆಗೊಬ್ಬರಿದ್ದರೆ ಒಳ್ಳೆಯದು. 2011ರಲ್ಲಿ ಕುನೆನ್ ಇದನ್ನು ಹೊಸದಾಗಿ ಬರೆದರು, ಕಾಲೇಜ್ ಪಬ್ಲಿಕೇಶನ್ಸ್ ತಂದಿದೆ. ಅದರಲ್ಲಿ ಅಧ್ಯಾಯಗಳ ಕ್ರಮ ಬೇರೆ. ನಿಮ್ಮ ಗೈಡ್ ಹೇಳುತ್ತಿರುವುದು ಯಾವ ಪುಸ್ತಕ ಅಂತ ಕೇಳಿಕೊಂಡೇ ದುಡ್ಡು ಹಾಕಿ.