ಲೆಕ್ಕ ಕೇಳದೆ ಸ್ಪ್ರಿಂಗ್ ತಗೋಬೇಡಿ, ನಾನು ತಗೊಂಡು ಕೆಟ್ಟೆ

ಇಂಗ್ಲೆಂಡಿನಲ್ಲಿ ಕಿಟ್ ಕಾರು (ಭಾಗಗಳನ್ನು ತರಿಸಿ ನಾವೇ ಜೋಡಿಸುವ ಕಾರು) ಕಟ್ಟುತ್ತಿರುವ ನಮ್ಮವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತಿದೆ, ಆದರೂ ಹೇಳುತ್ತೇನೆ.

ಎರಡು ವರ್ಷ ಶನಿವಾರ ಭಾನುವಾರ ಗ್ಯಾರೇಜಿನಲ್ಲೇ ಕಳೆದು ಕಟ್ಟಿದ ಕಾರು. ಲೋಟಸ್ ಸೆವೆನ್ ಅನ್ನೋ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿ, ಎಂಜಿನ್ ಹಳೇ ಮಾಜ್ದಾ ಎಂಎಕ್ಸ್-5ದು, ತೂಕ ಬರೀ 560 ಕೆಜಿ. ಮುಂದಿನ ಚಕ್ರಗಳ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಒಬ್ಬ ಮಾರಾಟಗಾರನಿಗೆ ಫೋನ್ ಮಾಡಿದೆ. ತೂಕ ಹೇಳಿದೆ, ರಸ್ತೆಗೇ ಓಡಿಸೋದು, ರೇಸ್‌ಗಲ್ಲ ಅಂತಲೂ ಹೇಳಿದೆ. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಈ ಥರದ ಕಾರಿಗೆ ಎಲ್ಲರೂ 350 ಹಾಕ್ತಾರೆ" ಅಂದ. ಇಂಚಿಗೆ 350 ಪೌಂಡ್, ಅಂದರೆ ಸ್ಪ್ರಿಂಗ್ ಒಂದು ಇಂಚು ಒತ್ತೋಕೆ 350 ಪೌಂಡ್ ಭಾರ ಬೇಕು; ಇದೇ ಸ್ಪ್ರಿಂಗ್ ರೇಟ್. ನಂಬಿದೆ.

ಸ್ಪ್ರಿಂಗ್ ಬಂದು ನಾಲ್ಕು ತಿಂಗಳು ಡಬ್ಬದಲ್ಲೇ ಇತ್ತು, ಯಾಕಂದ್ರೆ ಚಾಸಿ ಇನ್ನೂ ಮುಗಿದಿರಲಿಲ್ಲ. ಫೋನ್‌ನಲ್ಲಿ ಕೊಂಡಿದ್ದಕ್ಕೆ ವಾಪಸ್ ಮಾಡೋಕೆ 14 ದಿನ ಇರುತ್ತೆ, ಅದು ಯಾವಾಗಲೋ ಮುಗಿದಿತ್ತು.

ಕಾರು ಐವಿಎ ಟೆಸ್ಟ್ (ಇಂಥ ಕಾರು ರಸ್ತೆಗಿಳಿಯುವ ಮುಂಚಿನ ಸರ್ಕಾರಿ ತಪಾಸಣೆ) ಪಾಸಾಯ್ತು. ಮೊದಲ ಸಲ ಹೆಂಡತಿಯನ್ನು ಕೂರಿಸಿಕೊಂಡು ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ಕಡೆ ಹೋದೆ. ತಿರುವಿನ ಮಧ್ಯೆ ಒಂದು ಸಣ್ಣ ಉಬ್ಬು, ಅಷ್ಟೇ. ಮುಂದಿನ ಚಕ್ರ ರಸ್ತೆ ಬಿಟ್ಟು ಹಾರಿತು, ಕಾರು ನೇರ ಕಲ್ಲಿನ ಗೋಡೆ ಕಡೆ ಜಾರಿತು. ಹೇಗೋ ನಿಂತಿತು. ಅವಳು ಡ್ಯಾಶ್ ಬೋರ್ಡ್ ಹಿಡಿದಿದ್ದ ಕೈ ಬಿಡಲೇ ಇಲ್ಲ, ಮನೆ ತನಕ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ಜಾಕ್ ಏರಿಸಿದೆ. ಸ್ಪ್ರಿಂಗ್ ತಾನು ಕೂರುವ ಜಾಗದಲ್ಲಿ ಗಡಗಡ ಅಂತ ಅಲ್ಲಾಡುತ್ತಿತ್ತು, ಎರಡು ಬೆರಳಲ್ಲಿ ತಿರುಗಿಸಬಹುದಿತ್ತು. ಕಾರಿನ ಭಾರಕ್ಕೆ ಅದು ಒತ್ತಿಕೊಳ್ಳುತ್ತಿದ್ದದ್ದೇ 27 ಮಿ.ಮೀ., ಅಷ್ಟು ಗಟ್ಟಿ.

ಆ ಮಾರಾಟಗಾರನಿಗೆ ಫೋನ್ ಮಾಡಿದೆ. "ಹೊಸ ಸ್ಪ್ರಿಂಗ್, ಸ್ವಲ್ಪ ದಿನ ಓಡಿಸಿದರೆ ಸೆಟ್ ಆಗುತ್ತೆ." ಇನ್ನೊಂದು ಸಲ ಮಾಡಿದೆ. "ಶಾಕ್ ಅಡ್ಜಸ್ಟರ್ ಟೈಟ್ ಮಾಡಿದ್ದೀರಿ." ಅದು, ಶಾಕ್ ಅಬ್ಸಾರ್ಬರ್‌ನ ಬಿಗಿ ಹೆಚ್ಚು ಕಡಿಮೆ ಮಾಡುವ ತಿರುಪು, ಪೂರ್ತಿ ಲೂಸ್ ಇತ್ತು! ಮೂರನೇ ಸಲ, "ನಿಮಗೆ ಸ್ಪೋರ್ಟ್ಸ್ ಕಾರು ಓಡಿಸಿ ಅಭ್ಯಾಸವಿಲ್ಲ ಅನ್ಸುತ್ತೆ." ಈ ಮಾತು ಇವತ್ತಿಗೂ ಚುಚ್ಚುತ್ತೆ. ಲೆಕ್ಕ ಹೇಗೆ ಹಾಕಿದಿರಿ ಅಂದರೆ "ಅನುಭವ" ಅಂದ. ಅನುಭವ!

ಆಮೇಲೆ ಕಿಟ್ ಕಾರಿನವರೆಲ್ಲ ಸೇರಿದ್ದ ಕಡೆ ಒಬ್ಬರು ಸಿಕ್ಕರು. ಅವರದು ವಿ8 (ಎಂಟು ಸಿಲಿಂಡರಿನ ಎಂಜಿನ್) ಹಾಕಿದ ಕಾರು, ನನ್ನದಕ್ಕಿಂತ ಎಷ್ಟೋ ಭಾರ. ಅವರ ಸ್ಪ್ರಿಂಗ್ ನೋಡಿದೆ, ಅದರ ಮೇಲೂ ಅದೇ ಬರಹ, 9-1.9-350 (9 ಇಂಚು ಉದ್ದ, 1.9 ಇಂಚು ಒಳವ್ಯಾಸ, 350 ರೇಟ್). ಅದೇ ಮಾರಾಟಗಾರ, ಅದೇ ಮಾತು, "ಎಲ್ಲರೂ 350 ಹಾಕ್ತಾರೆ." ಅಲ್ಲೇ ನಿಂತ ಹಾಗೆ ನನ್ನ ಮುಖ ಬಿಸಿಯಾಯಿತು. ಅವನ ಹತ್ತಿರ ಇದ್ದದ್ದನ್ನು ಅವನು ಮಾರಿದ್ದ, ಅಷ್ಟೇ. ನನ್ನ ಕಾರಿನ ತೂಕ ಅವನ ಕಿವಿಗೆ ಬಿದ್ದೇ ಇರಲಿಲ್ಲ.

ಲೆಕ್ಕ ಕಷ್ಟವೂ ಅಲ್ಲ. ನನ್ನ ಕಾರಲ್ಲಿ ಚಕ್ರ 1 ಇಂಚು ಏರಿದರೆ ಸ್ಪ್ರಿಂಗ್ ಒತ್ತುವುದು 0.65 ಇಂಚು. 0.65 ಅನ್ನು ಅದರಿಂದಲೇ ಗುಣಿಸಿ, ಆಮೇಲೆ ಸ್ಪ್ರಿಂಗ್ ರೇಟ್‌ನಿಂದ ಗುಣಿಸಬೇಕು. 350 ಹಾಕಿದರೆ ಚಕ್ರದ ಹತ್ತಿರ ಇಂಚಿಗೆ ಸುಮಾರು 148 ಪೌಂಡ್. ಮುಂದಿನ ಒಂದೊಂದು ಚಕ್ರದ ಮೇಲೆ 140 ಕೆಜಿ, ಅದರಲ್ಲಿ ಚಕ್ರ ಬ್ರೇಕ್ ಎಲ್ಲ 30 ತೆಗೆದರೆ ಸ್ಪ್ರಿಂಗ್ ಹೊರುವುದು 110. ಅಂದರೆ ಕಾರಿನ ಮುಂಭಾಗ ಸೆಕೆಂಡಿಗೆ 2.4 ಸಲ ಕುಣಿಯುತ್ತೆ, ಅದು ರೇಸ್ ಕಾರಿನ ಲೆಕ್ಕ. ರಸ್ತೆಗೆ ನನಗೆ ಬೇಕಿದ್ದದ್ದು 1.6ರ ಆಸುಪಾಸು. ಅದಕ್ಕೆ 150 ಸಾಕಿತ್ತು. ಅರ್ಧಕ್ಕಿಂತ ಕಡಿಮೆ! ಒಂದು ಸಂಜೆ ಕೂತಿದ್ದರೆ ನಾನೇ ಮಾಡಬಹುದಿತ್ತು.

ಚಕ್ರದ ಮೇಲೆ ಬೀಳುವ ತೂಕ ಮತ್ತು ಈ 0.65ರಂಥ ಅನುಪಾತ ಕೇಳದೆ ನಂಬರ್ ಹೇಳುವವನ ಹತ್ತಿರ ತಗೋಬೇಡಿ. ಹಾಕುವ ವಾರದಲ್ಲೇ ತರಿಸಿ, ಮುಂಚೆ ತರಿಸಿ ಡಬ್ಬದಲ್ಲಿ ಇಡಬೇಡಿ.

ಬೇರೆ ಕಡೆಯಿಂದ 150 ತರಿಸಿ ಹಾಕಿದೆ, ಈಗ ಅದೇ ಉಬ್ಬಿನ ಮೇಲೆ ಚಕ್ರ ನೆಲ ಬಿಡೋದಿಲ್ಲ. 350ರ ಜೋಡಿ ವಾಪಸ್ ತಗೊಳ್ಳಿ ಅಂದರೆ "ಒಮ್ಮೆ ಹಾಕಿದ್ದನ್ನು ತಗೊಳ್ಳಲ್ಲ" ಅಂದ. ಕೊನೆಗೆ ಕಳಿಸಿದ ಎರಡು ಮೆಸೇಜಿಗೆ ಉತ್ತರವೇ ಇಲ್ಲ.