ಒಂದೇ ದಿನದಲ್ಲಿ ಬಾಹುಬಲಿ ಲೊಕೇಶನ್, ಬೆಲುಂ ಗುಹೆ ಅಂತ ಕರೆದರೆ ಬಳ್ಳಾರಿಯವರು ದುಡ್ಡು ಕೊಡುವ ಮುಂಚೆ ಇದನ್ನ ಓದಿ

ನಮ್ಮ ಬಳ್ಳಾರಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ಮೇಲೆ ಬಾಹುಬಲಿ ಸಿನಿಮಾದ ಅರಮನೆ, ಕೆಳಗೆ ಆಂಧ್ರದ ಬೆಲುಂ ಗುಹೆ. ಒಂದೇ ದಿನ, ಎ.ಸಿ. ಟಿಟಿ (ಟೆಂಪೋ ಟ್ರಾವೆಲರ್), ಅನುಭವಿ ಗೈಡ್, ತಿಂಡಿ, ಊಟ, ಟಿಕೆಟ್ ಎಲ್ಲಾ ಸೇರಿ ತಲೆಗೆ ಎರಡು ಸಾವಿರದ ಒಳಗೆ. ಈ ಟ್ರಿಪ್‌ಗೆ ನಾವು ಮನೆಯವರೆಲ್ಲಾ ಹೋಗಿ ಬಂದಿದ್ದೇವೆ. ನನ್ನ ಅತ್ತೆ ಗುಹೆಯೊಳಗೆ ಉಸಿರು ಕಟ್ಟಿ ಕೂತುಬಿಟ್ಟಾಗ ಗೈಡ್ ಅನ್ನಿಸಿಕೊಂಡವನು ಹತ್ತಿರದಲ್ಲೇ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಟ್ರಿಪ್ ನಡೆಸುವವರ ಹೆಸರು ಹಾಕುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಹೆಸರು ಹಾಕಿದರೂ ಜಾಸ್ತಿ ಉಪಯೋಗ ಆಗಲಿಕ್ಕಿಲ್ಲ, ಯಾಕೆಂದರೆ ಇದೇ ಪೋಸ್ಟರನ್ನು ನಂಬರ್ ಮಾತ್ರ ಬದಲಿಸಿ ಬೇರೆಯವರೂ ಹಂಚುತ್ತಿದ್ದಾರೆ.

ಮೊದಲು ದೂರದ ಲೆಕ್ಕ ನೋಡಿ. ಪೋಸ್ಟರಿನಲ್ಲಿರುವ ಸಿನಿಮಾ ಲೊಕೇಶನ್ ಅಂದರೆ ಓರ್ವಕಲ್ಲಿನ ರಾಕ್ ಗಾರ್ಡನ್. ಅದು ಕರ್ನೂಲಿನಿಂದ ಇನ್ನೂ ಮುಂದೆ, ನಂದ್ಯಾಲ ರಸ್ತೆಯಲ್ಲಿದೆ. ಬಳ್ಳಾರಿಯಿಂದ ಆಲೂರು, ಆದೋನಿ ಮೇಲೆ ಕರ್ನೂಲು ಮುಟ್ಟುವುದಕ್ಕೇ ಸುಮಾರು 150 ಕಿ.ಮೀ. ಬೆಲುಂ ಗುಹೆ ಇರುವುದು ಕೊಲಿಮಿಗುಂಡ್ಲ ಹತ್ತಿರ. ಅಲ್ಲಿಂದ ವಾಪಸ್ ಬರಬೇಕೆಂದರೆ ತಾಡಪತ್ರಿ, ಗುತ್ತಿ, ಗುಂತಕಲ್ ದಾಟಿ ಬರಬೇಕು. ಎಲ್ಲಾ ಸೇರಿಸಿದರೆ 400 ಕಿ.ಮೀ. ಮೀರುತ್ತದೆ. ಮಧ್ಯೆ ಎರಡು ಜಾಗ ನೋಡಬೇಕು, ಊಟ ಮಾಡಬೇಕು, ವಯಸ್ಸಾದವರು, ಮಕ್ಕಳು ಇದ್ದರೆ ಅಲ್ಲಲ್ಲಿ ಗಾಡಿ ನಿಲ್ಲಿಸಬೇಕು. ಒಂದು ದಿನದಲ್ಲಿ ಇದು ನೆಮ್ಮದಿಯಾಗಿ ಆಗುವ ಕೆಲಸವೇ ಅಲ್ಲ. ಆಗುವುದಿಲ್ಲ ಅಂತ ಟ್ರಿಪ್ ಮಾರುವವರಿಗೆ ಚೆನ್ನಾಗಿ ಗೊತ್ತು. ಪೋಸ್ಟರಿನಲ್ಲಿ ಎಲ್ಲಾ ಇದೆ, ದೂರ ಎಷ್ಟು ಅನ್ನುವುದೊಂದೇ ಇಲ್ಲ.

ಬೆಳಗಿನ ಜಾವ ಮೋತಿ ಸರ್ಕಲ್ ಹತ್ತಿರ ನಿಂತಿರಿ ಅಂದಿದ್ದರು. ನಿಂತೆವು. ತುಂಬಾ ಹೊತ್ತಾದ ಮೇಲೆ ಬಂದದ್ದು ಕ್ರೂಸರ್. ಎ.ಸಿ. ಇಲ್ಲ. ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. "ಟಿಟಿ ರಿಪೇರಿಗೆ ಹೋಗೈತಿ ಅಕ್ಕ, ಇದು ಬರೀ ಕರ್ನೂಲ್ ತನಕ, ಅಲ್ಲಿ ಬೇರೆ ಗಾಡಿ ರೆಡಿ ಐತಿ" ಅಂದ ಹುಡುಗ. ಕರ್ನೂಲಿನಲ್ಲಿ ಯಾವ ಗಾಡಿಯೂ ಇರಲಿಲ್ಲ. ಆ ಹುಡುಗನೇ ಗೈಡ್ ಅಂತ ಗೊತ್ತಾಗಿದ್ದು ಓರ್ವಕಲ್ಲು ಮುಟ್ಟಿದ ಮೇಲೆ.

ಕೌಲ್ ಬಜಾರ್, ಸತ್ಯನಾರಾಯಣಪೇಟೆ ಅಂತ ಊರೆಲ್ಲಾ ಸುತ್ತಿ ಉಳಿದವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಬಿಸಿಲು ಏರಿತ್ತು. ಆಂಧ್ರ ಗಡಿ ದಾಟಿದ ಮೇಲೆ ಸಾರಿಗೆ ಇಲಾಖೆಯವರು ಕೈ ಅಡ್ಡ ಹಾಕಿದರು. ಆಗ ಗೊತ್ತಾಯಿತು ಗಾಡಿ ವೈಟ್ ಬೋರ್ಡ್ ಅಂತ. ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಇದನ್ನ ಯಾರೂ ದೊಡ್ಡ ವಿಷಯ ಅಂದುಕೊಳ್ಳುವುದಿಲ್ಲ. ಬಾಡಿಗೆಗೆ ಜನ ಕೂರಿಸುವ ಗಾಡಿಗೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇರಬೇಕು. ಬೇರೆ ರಾಜ್ಯಕ್ಕೆ ಹೋಗುವುದಾದರೆ ಅದರ ಪರ್ಮಿಟ್ ಇರಬೇಕು. ಬಿಳಿ ಪ್ಲೇಟು ಸ್ವಂತ ಬಳಕೆಗೆ. ಆ ಗಾಡಿಯ ವಿಮೆಯೂ ಸ್ವಂತ ಬಳಕೆಗೆ ಅಂತಲೇ ಮಾಡಿಸಿರುತ್ತಾರೆ. ಬಾಡಿಗೆಗೆ ಓಡಿಸುವಾಗ ಅಪಘಾತ ಆದರೆ ವಿಮೆ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುತ್ತದೆ. ಆಸ್ಪತ್ರೆಯಲ್ಲಿ ಮಲಗಿದವರ ಮನೆಯವರು ಕೋರ್ಟಿಗೆ ಅಲೆಯಬೇಕು. ನಮ್ಮನ್ನು ನಿಲ್ಲಿಸಿದಾಗ ಡ್ರೈವರ್ ಗಾಡಿಯ ಹತ್ತಿರ ಬಂದು, "ಎಲ್ಲಾರೂ ಸಂಬಂಧಿಕರು ಅಂತ ಹೇಳ್ರಿ" ಅಂದ. ಗಾಡಿಯಲ್ಲಿದ್ದ ಹಿರಿಯರೊಬ್ಬರು, ರಿಟೈರ್ಡ್ ಮೇಷ್ಟ್ರು, "ನಾವ್ಯಾಕೆ ಸುಳ್ಳು ಹೇಳಬೇಕಪ್ಪಾ" ಅಂತ ಅಲ್ಲೇ ಕೇಳಿದರು. ಅದೇನು ಮಾತಾಡಿಕೊಂಡರೋ, ದಂಡ ಕಟ್ಟಿದರೋ ಇಲ್ಲವೋ, ನಮಗೆ ಹೇಳಲಿಲ್ಲ. ಹೊತ್ತು ಮಾತ್ರ ಹೋಯಿತು. ಅದರ ಮೇಲೆ ತಲೆಗೆ ಇಷ್ಟು ಕೊಡಿ, ಟ್ಯಾಕ್ಸ್ ಬಿತ್ತು ಅಂತ ನಮ್ಮ ಹತ್ತಿರವೇ ವಸೂಲಿ ಮಾಡಲು ಬಂದರು.

ಆದೋನಿ ಹತ್ತಿರ ಉಗ್ಗಾನಿ ಬಜ್ಜಿ ತಿಂದೆವು. ತಿಂಡಿ ಚೆನ್ನಾಗಿತ್ತು. ದುಡ್ಡು ನಾವೇ ಕೊಟ್ಟೆವು. ಮಧ್ಯಾಹ್ನದ ಊಟಕ್ಕೂ ಅಷ್ಟೇ.

ಓರ್ವಕಲ್ಲು ಮುಟ್ಟಿದಾಗ ನಡು ಮಧ್ಯಾಹ್ನ. ಆ ಜಾಗದ ಬಗ್ಗೆ ನನಗೆ ಯಾವ ದೂರೂ ಇಲ್ಲ. ದೊಡ್ಡ ದೊಡ್ಡ ಬಂಡೆಗಳು, ನಡುವೆ ನೀರು. ಬೆಳಗ್ಗೆಯೋ ಸಂಜೆಯೋ ಹೋದರೆ ಚಂದ ಇರುತ್ತದೆ. ಆದರೆ ಪೋಸ್ಟರಿನಲ್ಲಿದ್ದ ಅರಮನೆ ಅಲ್ಲಿಲ್ಲ, ಯಾವತ್ತೂ ಇರಲೂ ಇಲ್ಲ. 2013ರ ಜುಲೈನಲ್ಲಿ ಬಾಹುಬಲಿ ಚಿತ್ರೀಕರಣ ಶುರುವಾಗಿದ್ದು ಇಲ್ಲೇ, ಅದು ನಿಜ. ಸಿನಿಮಾದಲ್ಲಿ ಬರುವ ಮಾಹಿಷ್ಮತಿ ರಾಜ್ಯದ ಅರಮನೆ ಸೆಟ್ ಹಾಕಿದ್ದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಸಿನಿಮಾದ ಜಲಪಾತ ಕೇರಳದ ಅತಿರಪಳ್ಳಿ. ನಮ್ಮ ಗೈಡ್ ಮಾತ್ರ ಒಂದು ಬಂಡೆ ತೋರಿಸಿ, "ಇಲ್ಲೇ ಅರಮನೆ ಇತ್ತು, ಶೂಟಿಂಗ್ ಮುಗಿದ ಮೇಲೆ ಒಡೆದು ಹಾಕಿದರು" ಅಂದ. ಮಕ್ಕಳು ನಂಬಿದರು, ಫೋಟೋ ತೆಗೆಸಿಕೊಂಡರು. ನನ್ನ ಮಗ ಇಡೀ ವಾರ ಅರಮನೆ ಅಂತ ಜಪ ಮಾಡಿದ್ದವನು. ಸಂಜೆ ಫೋನಿನಲ್ಲಿ ಹುಡುಕಿ ನಿಜ ಗೊತ್ತಾದಾಗ ಅವನ ಮುಖ ಬಾಡಿದ್ದು ನೋಡಿ ನನಗೆ ತುಂಬಾ ಸಿಟ್ಟು ಬಂತು. ಬಂಡೆ ನೋಡೋಣ ಬನ್ನಿ ಅಂತ ಕರೆದಿದ್ದರೂ ನಾವು ಖುಷಿಯಾಗಿ ಬರುತ್ತಿದ್ದೆವು, ಅಲ್ವಾ? ಮಕ್ಕಳಿಗೆ ಯಾಕೆ ಸುಳ್ಳು ಹೇಳಬೇಕು?

ಅಲ್ಲಿ ಬಿಸಿಲಿನಲ್ಲಿ ನಮ್ಮನ್ನು ಬಿಟ್ಟು ಡ್ರೈವರ್ ಎಲ್ಲಿಗೋ ಹೋಗಿದ್ದ. ಅವನು ಬರುವ ತನಕ ಕಾಯಬೇಕಾಯಿತು. ಬೆಲುಂ ಮುಟ್ಟಿದಾಗ ಟಿಕೆಟ್ ಕೊಡುವುದು ನಿಲ್ಲಿಸುವ ಹೊತ್ತು. "ಓಡ್ರಿ ಓಡ್ರಿ" ಅಂತ ಗೈಡ್ ಅವಸರ ಮಾಡಿದ. ಟಿಕೆಟ್ ದುಡ್ಡೂ ನಮ್ಮದೇ.

ಈ ಗುಹೆ ನೋಡಬೇಕು ಅಂತ ನನಗೆ ಬಹಳ ವರ್ಷದ ಆಸೆ. ಯಾಕೆ ಅಂತಲೂ ಹೇಳುತ್ತೇನೆ. 1884ರಲ್ಲಿ ಬೆಲುಂ ಗುಹೆಯ ಬಗ್ಗೆ ಮೊದಲು ಬರೆದಿಟ್ಟ ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿಯೇ ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನೂ ಲೋಕಕ್ಕೆ ತೋರಿಸಿದವನು. ಬಳ್ಳಾರಿಯಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ, ಸಂಗನಕಲ್ಲಿನ ಕಲ್ಲಿನ ಕೊಡಲಿಗಳನ್ನೆಲ್ಲಾ ಅಲ್ಲಿ ಇಟ್ಟಿದ್ದಾರೆ. ಆಮೇಲೆ ಸುಮಾರು ನೂರು ವರ್ಷ ಬೆಲುಂ ಅನ್ನು ಯಾರೂ ಸರಿಯಾಗಿ ಅಳೆಯಲಿಲ್ಲ. 1982, 83ರಲ್ಲಿ ಜರ್ಮನಿಯ ಗುಹಾ ತಜ್ಞರ ತಂಡ ಬಂದು ಅಳೆದು ನಕ್ಷೆ ಮಾಡಿತು. ಒಟ್ಟು ಉದ್ದ 3,229 ಮೀಟರ್. ಆಂಧ್ರ ಪ್ರವಾಸೋದ್ಯಮ ನಿಗಮದವರು ಮೆಟ್ಟಿಲು, ದೀಪ, ಗಾಳಿ ವ್ಯವಸ್ಥೆ ಮಾಡಿ 2002ರಲ್ಲಿ ಜನರಿಗೆ ತೆರೆದರು. ಈಗ ಸುಮಾರು ಒಂದೂವರೆ ಕಿ.ಮೀ. ನಡೆದು ನೋಡಬಹುದು. ಸುಣ್ಣದ ಕಲ್ಲನ್ನು ನೀರು ಲಕ್ಷಾಂತರ ವರ್ಷ ಕರಗಿಸಿ ಕರಗಿಸಿ ಕೊರೆದ ದಾರಿಗಳು ಅವು. ಗೋಡೆ ಮುಟ್ಟದೆಯೇ ಗೊತ್ತಾಗುತ್ತದೆ, ನೀರು ಹೇಗೆ ತಿರುಗಿ ಹೋಗಿರಬೇಕು ಅಂತ.

ಇದರಲ್ಲಿ ಒಂದು ಮಾತೂ ನಮ್ಮ ಗೈಡ್ ಹೇಳಲಿಲ್ಲ. ದೆವ್ವದ ಕಥೆ ಹೇಳಿದ. ಸಪ್ತಸ್ವರ ಗುಹೆ ಅನ್ನುವ ಕಡೆ ಮಕ್ಕಳ ಕೈಗೆ ಕೋಲು ಕೊಟ್ಟು, ಮೇಲಿಂದ ಇಳಿಬಿದ್ದ ಕಲ್ಲುಗಳನ್ನು ಬಾರಿಸಿ, ಸಂಗೀತ ಬರುತ್ತದೆ ಅಂದ. ಸ್ವರ ಬರುತ್ತದೆ, ನಿಜ. ಆದರೆ ಹನಿ ಹನಿ ನೀರಿನಿಂದ ಸಾವಿರಾರು ವರ್ಷ ಬೆಳೆದ ಕಲ್ಲು ಅದು. ಒಂದು ತುಂಡು ಮುರಿದರೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ತಿರುಗಿ ಬೆಳೆಯುವುದಿಲ್ಲ. ಮೇಷ್ಟ್ರು ಕೋಲು ಕಿತ್ತುಕೊಂಡು ಗದರಿದರು. ಅವತ್ತು ಆ ಗಾಡಿಯಲ್ಲಿ ಅವರು ಇದ್ದದ್ದು ನಮ್ಮ ಪುಣ್ಯ.

ಈಗ ಅತ್ತೆಯ ವಿಷಯ. ಬೆಲುಂ ಒಳಗೆ ತಂಪಾಗಿರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಒಳಗೆ ಹೋದಷ್ಟೂ ಸೆಕೆ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದೇ ಇಲ್ಲ. ಮೇಲಿಂದ ಗಾಳಿ ಊದುವ ವ್ಯವಸ್ಥೆ ಇದೆ, ಆದರೂ ಉಬ್ಬಸ, ಬಿ.ಪಿ., ಹೃದಯದ ತೊಂದರೆ ಇರುವವರಿಗೆ ಕಷ್ಟ. ಕೆಲವು ಕಡೆ ತಲೆ ಬಗ್ಗಿಸಿ ನಡೆಯಬೇಕು. ಪಾತಾಳಗಂಗೆ ಅನ್ನುವುದು ಎಲ್ಲಕ್ಕಿಂತ ಕೆಳಗಿನ ಜಾಗ, ಬಾಗಿಲಿನ ಮಟ್ಟದಿಂದ ಸುಮಾರು 46 ಮೀಟರ್ ಆಳ. ಅಲ್ಲಿಗೆ ಇಳಿಯುವುದು ಸುಲಭ, ಹತ್ತಿ ಬರುವಾಗ ಗೊತ್ತಾಗುತ್ತದೆ. ಅತ್ತೆಗೆ ಉಬ್ಬಸ ಇದೆ ಅಂತ ಬುಕ್ ಮಾಡುವಾಗಲೇ ಹೇಳಿದ್ದೆವು. "ಏನೂ ಆಗಲ್ಲಕ್ಕ, ನಮ್ಮ ಗೈಡ್ ಪಕ್ಕದಲ್ಲೇ ಇರ್ತಾನೆ, ಆರಾಮಾಗಿ ಕರ್ಕೊಂಡು ಬರ್ತಾನೆ" ಅಂದಿದ್ದರು. ಆ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ.

ಮುಚ್ಚುವ ಹೊತ್ತಾಯಿತು ಅಂತ ಗೈಡ್ ಎಲ್ಲರನ್ನೂ ಓಡಿಸಿಕೊಂಡೇ ಹೋದ. ಅತ್ತೆ ಹಿಂದೆ ಬಿದ್ದರು, ನಾನು ಅವರ ಜೊತೆ ನಿಂತೆ. ದಾರಿ ಕವಲೊಡೆಯುವ ಕಡೆ ಯಾವ ಕಡೆ ಹೋಗಬೇಕು ಅಂತ ತಿಳಿಯಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಕೆಳಗೆ ಕೂತರು. ಎದೆ ಹಿಡಿದಂಗಾಗ್ತೈತಿ ಅಂದರು. ಇನ್‌ಹೇಲರ್ ಅವರ ಚೀಲದಲ್ಲಿತ್ತು. ಚೀಲ ಗಾಡಿಯಲ್ಲಿತ್ತು. "ಒಳಗೆ ಬ್ಯಾಗ್ ಬಿಡಲ್ಲ, ಎಲ್ಲಾ ಗಾಡಿಯಲ್ಲೇ ಇಡ್ರಿ" ಅಂತ ಇಡಿಸಿದ್ದವನು ಅವನೇ. ಬೇರೆಯವರು ಚೀಲ ಹಾಕಿಕೊಂಡು ಓಡಾಡುತ್ತಿದ್ದುದನ್ನು ಒಳಗೆ ನನ್ನ ಕಣ್ಣಾರೆ ನೋಡಿದೆ. ನಾನು ಕೂಗಿದೆ, ತೆಲುಗಿನಲ್ಲೂ ಕೂಗಿದೆ. ಗುಹೆಯ ಸಿಬ್ಬಂದಿಯೊಬ್ಬರು ಓಡಿ ಬಂದರು. ಅವರು ಅತ್ತೆಯನ್ನು ಗಾಳಿ ಬರುವ ಜಾಗಕ್ಕೆ ಮೆಲ್ಲಗೆ ನಡೆಸಿ, ಕೂರಿಸಿ, ಸ್ವಲ್ಪ ಸುಧಾರಿಸಿದ ಮೇಲೆ ಕೈ ಹಿಡಿದು ಮೇಲೆ ಕರೆತಂದರು. "ಭಯಪಡೊದ್ದಮ್ಮಾ, ನೇನುನ್ನಾ" (ಹೆದರಬೇಡಮ್ಮಾ, ನಾನಿದ್ದೇನೆ) ಅಂತ ಅವರು ಹೇಳುತ್ತಲೇ ಇದ್ದರು. ದುಡ್ಡು ಕೊಡಲು ಹೋದರೆ ಬೇಡ ಅಂದರು. ಅವರ ಋಣ ನಮ್ಮ ಮೇಲಿದೆ.

ಮೇಲೆ ಬಂದರೆ ನಮ್ಮ ಗೈಡ್ ಟೀ ಅಂಗಡಿ ಮುಂದೆ ನಿಂತಿದ್ದ. ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಬಂದರು ಅಂತ ಎಣಿಸಿಯೂ ಇರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರೆ ಡ್ರೈವರ್ ಒಪ್ಪಲಿಲ್ಲ, ರಾತ್ರಿ ಬೇರೆ ಬಾಡಿಗೆ ಇದೆಯಂತೆ. ಗಾಡಿಯಲ್ಲಿದ್ದವರೆಲ್ಲಾ ಒಟ್ಟಾಗಿ ಜೋರು ಮಾಡಿದ ಮೇಲೆ ತಾಡಪತ್ರಿಯಲ್ಲಿ ನಿಲ್ಲಿಸಿದ. ಅಲ್ಲಿ ನೆಬ್ಯುಲೈಸರ್ ಹಾಕಿದರು. ಬಳ್ಳಾರಿ ಸೇರಿದಾಗ ನಡುರಾತ್ರಿ ದಾಟಿತ್ತು. ಅತ್ತೆ ಈಗ ಆರಾಮಾಗಿದ್ದಾರೆ.

ದುಡ್ಡು ವಾಪಸ್ ಕೇಳಿದೆವು. ಮೊದಲು ಕೊಡುತ್ತೇವೆ ಅಂದರು, ಆಮೇಲೆ ಅರ್ಧ ಅಂದರು, ಆಮೇಲೆ ಬ್ಲಾಕ್ ಮಾಡಿದರು.

ಬೆಲುಂ ನೋಡಬೇಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ನೋಡಲೇಬೇಕಾದ ಜಾಗ. ಅದೊಂದಕ್ಕೇ ಅಂತ ಹೋಗಿ. ಬೆಳಗ್ಗೆ ಬೇಗ ಹೊರಟು ಗುಂತಕಲ್, ಗುತ್ತಿ, ತಾಡಪತ್ರಿ ದಾರಿ ಹಿಡಿದರೆ ಮಧ್ಯಾಹ್ನದೊಳಗೆ ಗುಹೆ ನೋಡಿ ಮುಗಿಸಬಹುದು. ದಾರಿ ತೋರಿಸುವವರು ಅಲ್ಲೇ ಸಿಗುತ್ತಾರೆ, ಆ ಗುಹೆಯಲ್ಲೇ ದಿನಾ ಓಡಾಡುವವರು. ಬರುವಾಗ ತಾಡಪತ್ರಿಯಲ್ಲಿ ಇಳಿದು ಬುಗ್ಗ ರಾಮಲಿಂಗೇಶ್ವರ, ಚಿಂತಲ ವೆಂಕಟರಮಣ ಗುಡಿಗಳನ್ನು ನೋಡಿ. ಎರಡೂ ವಿಜಯನಗರ ಕಾಲದವು, ಚಿಂತಲ ವೆಂಕಟರಮಣ ಗುಡಿಯಲ್ಲಿ ಹಂಪಿಯಲ್ಲಿರುವಂಥ ಕಲ್ಲಿನ ರಥ ಇದೆ. ಓರ್ವಕಲ್ಲನ್ನು ಕರ್ನೂಲು ಕಡೆ ಹೋದಾಗ ಬೇರೆ ದಿನಕ್ಕೆ ಇಟ್ಟುಕೊಳ್ಳಿ. ನೀರಿನ ಬಾಟಲಿ, ಔಷಧಿ, ಒಂದು ಟಾರ್ಚ್ ಕೈಯಲ್ಲೇ ಇರಲಿ, ಯಾರು ಏನೇ ಹೇಳಿದರೂ ಗಾಡಿಯಲ್ಲಿ ಬಿಡಬೇಡಿ. ಉಬ್ಬಸ ಇರುವವರು ಪಾತಾಳಗಂಗೆಗೆ ಇಳಿಯದಿದ್ದರೂ ನೋಡುವುದು ಬೇಕಾದಷ್ಟಿದೆ.

ಗ್ರೂಪಿನಲ್ಲೇ ಹೋಗುತ್ತೇವೆ ಅನ್ನುವವರು ಅಡ್ವಾನ್ಸ್ ಹಾಕುವ ಮುಂಚೆ ಗಾಡಿಯ ನಂಬರ್ ಪ್ಲೇಟಿನ ಫೋಟೋ ತರಿಸಿಕೊಳ್ಳಿ. ಹಳದಿ ಇಲ್ಲ ಅಂದರೆ ಅಲ್ಲಿಗೇ ಬಿಡಿ. ಟಿಕೆಟ್, ಊಟ, ಟ್ಯಾಕ್ಸ್ ಯಾವುದು ಸೇರಿದೆ ಅನ್ನುವುದನ್ನು ಮೆಸೇಜಿನಲ್ಲೇ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದನ್ನು ಆಮೇಲೆ ಯಾರೂ ಒಪ್ಪುವುದಿಲ್ಲ. ಗೈಡ್ ಗುಹೆ ಒಳಗೆ ಬರುತ್ತಾನಾ, ಎಷ್ಟು ಜನಕ್ಕೆ ಒಬ್ಬ ಅಂತ ಕೇಳಿ.

ಈಗಾಗಲೇ ಮೋಸ ಹೋದವರು ಸುಮ್ನೆ ಕೂರಬೇಡಿ. 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ಇರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು, ತೊಂದರೆ ಆಂಧ್ರದಲ್ಲಿ ಆಯಿತು ಅಂತ ಅಲ್ಲಿಗೆ ಅಲೆಯಬೇಕಿಲ್ಲ. ನಾವು ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಪೋಸ್ಟರಿನ ಸ್ಕ್ರೀನ್‌ಶಾಟ್, ಹಣ ಕಳಿಸಿದ ರಸೀದಿ, ಮೆಸೇಜುಗಳು ಇದ್ದರೆ ಸಾಕು, ವಕೀಲರು ಇರಲೇಬೇಕು ಅಂತಿಲ್ಲ.

ಮೇಷ್ಟ್ರು ಮತ್ತು ಗಾಡಿಯಲ್ಲಿದ್ದ ಇನ್ನೆರಡು ಮನೆಯವರು ನಮ್ಮ ದೂರಿಗೆ ಸಹಿ ಹಾಕಿದ್ದಾರೆ. ಇದೇ ಪೋಸ್ಟರ್ ನೋಡಿ ಹೋಗಿ ಬಂದವರು ಬಳ್ಳಾರಿಯಲ್ಲೋ, ಸಿರುಗುಪ್ಪ, ಸಂಡೂರು ಕಡೆಯೋ ಇದ್ದರೆ ತಿಳಿಸಿ. ನಿಮ್ಮ ಗಾಡಿಯ ಫೋಟೋ ಇದ್ದರೂ ಕಳಿಸಿ, ನಮ್ಮದರ ಜೊತೆಗೇ ಕೊಡುತ್ತೇವೆ.